ಠಣ್ ಎನ್ನದ ಡ್ರೋನು

ಒಂದಾನೊಂದು ಕುಂಬಾರರ ಊರಿನಲ್ಲಿ, ಯಾವ ವಿಶೇಷವೂ ಇಲ್ಲದ ಒಂದು ಬುಧವಾರ, ರಾಜನ ಮೂಗಿನ ಮೇಲೆ ಒಂದು ಹುರುಳಿಕಾಳು ಬಿತ್ತು.

ರಾಜ ಗುಡಾಣರಾಯ ತಲೆಯೆತ್ತಿ ನೋಡಿದ. ಮೇಲೆ ಒಂದು ಡ್ರೋನು ಹೋಗುತ್ತಿತ್ತು. ಅದರ ಹೊಟ್ಟೆಯ ಕೆಳಗೆ ಬುತ್ತಿಯ ಗಂಟು ನೇತಾಡುತ್ತಿತ್ತು.

"ಇವತ್ತು ಕಾಳು. ನಾಳೆ ಕುಂಬಳಕಾಯಿ ಬಿದ್ದರೆ?" ಎಂದ ರಾಜ. "ಇಳಿಸಿ ಅದನ್ನು! ಇನ್ನು ಮೇಲೆ ಹಾರುವುದನ್ನೆಲ್ಲ ಪರೀಕ್ಷೆ ಮಾಡಿ. ಗಟ್ಟಿಯಾಗಿದ್ದರೆ ಮಾತ್ರ ಹಾರಲಿ."

ಆ ಊರಿನಲ್ಲಿ ಪರೀಕ್ಷೆ ಎಂದರೆ ಒಂದೇ. ಬೆರಳು ಮಡಿಸಿ ತಟ್ಟಬೇಕು. ಠಣ್ ಎಂದರೆ ಬೆಂದಿದೆ. ಡಬ್ ಎಂದರೆ ಹಸಿ, ಮಡಕೆ ಸುಡುವ ಆವಿಗೆಯ ಬೆಂಕಿಗೆ ಮತ್ತೆ ಹಾಕಬೇಕು. ಮಡಕೆಯನ್ನೂ ಹೀಗೇ ನೋಡುತ್ತಿದ್ದರು, ಬಾಗಿಲನ್ನೂ ಹೀಗೇ ನೋಡುತ್ತಿದ್ದರು, ಹೊಸ ಅಳಿಯನನ್ನೂ ಹೀಗೇ ನೋಡುತ್ತಿದ್ದರು.

ಡ್ರೋನಿನ ಒಡತಿ ನಿಂಗಾಜಮ್ಮ ಓಡಿ ಬಂದಳು.

"ಬುದ್ಧೀ, ಹೊಳೆಯಾಚೆ ನಮ್ಮಕ್ಕ ದ್ಯಾವಕ್ಕ ಕಾಲು ಮುರಿದುಕೊಂಡು ಮಲಗಿದ್ದಾಳೆ. ಹೊಳೆ ತುಂಬಿ ದೋಣಿ ನಿಂತಿದೆ. ನಿನ್ನೆಯಿಂದ ಅವಳ ಹೊಟ್ಟೆಗೆ ಏನೂ ಇಲ್ಲ. ಬಿಟ್ಟುಬಿಡಿ."

"ಊಟಕ್ಕೆ ನನ್ನ ಅಡ್ಡಿಯಿಲ್ಲಮ್ಮ. ಹಾರಾಟಕ್ಕೆ ಮಾತ್ರ ಅಡ್ಡಿ. ಬೋರಣ್ಣ, ತಟ್ಟಯ್ಯ!"

ತಟ್ಟುವ ಅಧಿಕಾರಿ ಬೋರಣ್ಣ ತಟ್ಟಿದ. ಡ್ರೋನು ಡಬ್ ಎಂದಿತು.

"ಹಸಿ. ಆವಿಗೆಗೆ ಹಾಕಿ," ಎಂದ ಬೋರಣ್ಣ.

"ಅಯ್ಯೋ, ನಾನು ಪ್ಲಾಸ್ಟಿಕ್ಕು ಕಣಣ್ಣ! ಕರಗಿ ದೋಸೆಯಾಗುತ್ತೇನೆ," ಎಂದಿತು ಡ್ರೋನು.

"ದೋಸೆಯೂ ಬೇಯಲೇಬೇಕು."

ಡ್ರೋನು ರಾಜನ ಕಡೆಗೆ ತಿರುಗಿತು. "ಬುದ್ಧೀ, ಹಾರುವುದನ್ನೆಲ್ಲ ಎಂದಿರಿ. ನಾನು ಮೊನ್ನೆ ಮೊನ್ನೆ ಬಂದವನು. ಹಿರಿಯರನ್ನು ಬಿಟ್ಟು ನನಗೆ ಮೊದಲು ಬಡಿಸುವುದುಂಟೆ?"

ರಾಜನಿಗೆ ಅದು ಸರಿಯೆನ್ನಿಸಿತು. ಹಿರಿಯರು ಮೊದಲು.

ಕಾಗೆಯನ್ನು ತಟ್ಟಿದರು. ಕಾ ಎಂದಿತು. ಕಾ ಎಂದರೆ ಠಣ್ ಅಲ್ಲ. ಕಾಗೆಗೆ ಹಾರಾಟ ನಿಷೇಧವಾಯಿತು. ಅದು ನಿಷೇಧವನ್ನು ಪೂರ್ತಿ ಕೇಳಿಸಿಕೊಂಡು ಹಾರಿಹೋಯಿತು.

ಸೊಳ್ಳೆಯನ್ನು ತಟ್ಟಿದರು. ಪರೀಕ್ಷೆಯ ನಂತರ ಸೊಳ್ಳೆ ಇರಲಿಲ್ಲ. "ಪೂರ್ತಿ ಸುರಕ್ಷಿತ," ಎಂದ ಬೋರಣ್ಣ.

ಗಾಳಿಯನ್ನು ತಟ್ಟಿದರು. ಬೋರಣ್ಣ ಮುಗ್ಗರಿಸಿ ಬಿದ್ದ. ಗಾಳಿಗೂ ನಿಷೇಧ. ರಾಗಿ ತೂರುವುದು ನಿಂತಿತು. ಬಟ್ಟೆ ಒಣಗುವುದು ನಿಂತಿತು. ಉಸಿರೂ ಗಾಳಿಯೇ ತಾನೆ ಎಂದು ಬೋರಣ್ಣ ನೆನಪಿಸಿದ. ಊರೆಲ್ಲ ಮೂಗು ಹಿಡಿದುಕೊಂಡು ನಿಂತಿತು. ರಾಜನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದ ಮೇಲೆ, ಉಸಿರಿಗೆ ಮಾತ್ರ ವಿನಾಯಿತಿ ಎಂದು ಹೊಸ ಆಜ್ಞೆ ಹೊರಟಿತು.

ಹಿರಿಯರ ಸರದಿ ಮುಗಿಯಿತು. ಬಿಸಿಲು ಇಳಿಯಿತು. ಬುತ್ತಿ ಹಳಸಿತು. ಆವಿಗೆ ಧಗಧಗ ಉರಿಯಿತು.

ಆಗ ನಿಂಗಾಜಮ್ಮ ಮನೆಗೆ ಓಡಿದಳು. ಗಡಿಬಿಡಿಯಲ್ಲಿ ಹೊಸದಾಗಿ ಅನ್ನ ಸಾರು ಮಾಡಿದಳು. ಅದನ್ನೂ ಒಂದು ಖಾಲಿ ಕುಡಿಕೆಯನ್ನೂ ಹಿಡಿದು ಬಂದಳು.

"ಬೋರಣ್ಣ, ಇದನ್ನು ತಟ್ಟು."

ಕುಡಿಕೆ ಠಣ್ ಎಂದಿತು. ಎಷ್ಟು ಚೆನ್ನಾಗಿ ಎಂದಿತೆಂದರೆ ಬೋರಣ್ಣನ ಕಣ್ಣಲ್ಲಿ ನೀರು ಬಂತು.

"ಇದು ಹಾರಬಹುದೋ?"

"ಓಹೋ! ಇದು ಹಾರದೆ ಇನ್ಯಾವುದು ಹಾರಬೇಕು?"

ನಿಂಗಾಜಮ್ಮ ಕುಡಿಕೆಗೆ ಅನ್ನ ಸಾರು ತುಂಬಿದಳು. ಅದರ ಬಾಯಿಯ ಮೇಲೆ ಡ್ರೋನನ್ನು ಕೂರಿಸಿ ಬಿಗಿಯಾಗಿ ಕಟ್ಟಿದಳು.

"ಇದೇನಮ್ಮ ಮತ್ತೆ?" ಎಂದ ಬೋರಣ್ಣ.

"ಮುಚ್ಚಳ."

"ಮುಚ್ಚಳ ಗಿರಗಿರ ತಿರುಗುತ್ತಿದೆಯಲ್ಲ!"

"ಬಿಸಿ ಸಾರಿನ ಮೇಲೆ ಮುಚ್ಚಳ ಕುಣಿಯುವುದನ್ನು ನೀನು ಕಂಡಿಲ್ಲವೇನಯ್ಯ? ಒಂದು ದಿನವಾದರೂ ಅಡಿಗೆಮನೆಗೆ ಕಾಲಿಟ್ಟಿದ್ದರೆ ತಾನೆ!"

ಬೋರಣ್ಣ ರಾಜನ ಮುಖ ನೋಡಿದ.

"ನಮ್ಮ ಮನೆಯಲ್ಲೂ ಕುಣಿಯುತ್ತದೆ," ಎಂದ ರಾಜ. "ಮುಚ್ಚಳಕ್ಕೆ ಏನಾದರೂ ನಿಯಮ ಉಂಟೇನಯ್ಯ?"

"ಇಲ್ಲ ಬುದ್ಧೀ. ಮುಚ್ಚಳ ಹಾರುವುದಿಲ್ಲ. ಮಡಕೆ ಹೋದಲ್ಲಿಗೆ ಹೋಗುತ್ತದೆ."

ಹೀಗೆ ಕುಡಿಕೆ ಹಾರಿತು. ಮುಚ್ಚಳ ಅದರ ಜೊತೆಗೆ ಹೋಯಿತು. ಗಾಳಿಯೂ ನಿಷೇಧವನ್ನು ಮರೆತು ಹಿಂದಿನಿಂದ ಬೀಸಿತು.

ಇದರ ನೀತಿ: ಹಾರಬೇಕೆನ್ನುವವರು ಮೊದಲು ಒಂದು ಒಳ್ಳೆಯ ಮಡಕೆಯ ಸ್ನೇಹ ಮಾಡಿಕೊಳ್ಳಬೇಕು. ಕತೆ ಆಚೆ ದಡಕ್ಕೆ ಹೋಯಿತು, ನಾವು ಈಚೆ ದಡದಲ್ಲಿ ಉಳಿದೆವು.

ದ್ಯಾವಕ್ಕ ಉಂಡಳು. ಸಾರಿಗೆ ಉಪ್ಪು ಕಡಿಮೆಯಾಗಿತ್ತು.