ಜೋಳಿಗೆಗೆ ಬಿದ್ದ ಕೂಲಿ

ದುರುಗಪ್ಪ ಮಠ ಸೇರುವ ಮುಂಚೆ ವಿರೂಪಣ್ಣ ಸಾಹುಕಾರನ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಕೊನೆಯ ವರ್ಷದ ಕೂಲಿ ಸಾಹುಕಾರ ಕೊಡಲೇ ಇಲ್ಲ. ಕೇಳಲು ಹೋದಾಗಲೆಲ್ಲ ನಾಯಿ ಬಿಟ್ಟ.

ಹೊಳೆದಂಡೆಯ ಮಠದಲ್ಲಿ ಕಣ್ಣು ಮುಚ್ಚಿ ಕೂತರೂ ದುರುಗಪ್ಪನಿಗೆ ಅವ್ವನೇ ಕಾಣುತ್ತಿದ್ದಳು. ದೃಷ್ಟಿ ಮಂಜಾದ ಅವಳು ಊರಲ್ಲಿ ಇನ್ನೂ ಕಂಡವರ ಮನೆಯ ಜೋಳ ಬೀಸುತ್ತಿದ್ದಳು. ಆ ಕೂಲಿ ಬಂದರೆ ಬೀಸುವುದು ತಪ್ಪುತ್ತಿತ್ತು.

ಇದು ಗೊತ್ತಾಗಿ ಮಠದ ಅಜ್ಜಾರು, ಹೋಗಿ ವಸೂಲಿ ಮಾಡಿಕೊಂಡು ಬಾ ಎಂದು ಅವನನ್ನು ಕಳಿಸಿದರು.

ಸಂಜೆ ಅವನು ತುಂಬಿದ ಜೋಳಿಗೆ ಹೊತ್ತು ಬಂದ. ಮುಖ ಅರಳಿತ್ತು.

ನಾಯಿ ಬಿಡುತ್ತಿದ್ದ ಸಾಹುಕಾರ ಇವತ್ತು ಕಾವಿ ಕಂಡು ಕಾಲಿಗೆ ಬಿದ್ದನಂತೆ. ಸ್ವಾಮಿಗಳ ಕೈಗೆ ದುಡ್ಡು ಮುಟ್ಟಿಸಿ ಪಾಪ ಕಟ್ಟಿಕೊಳ್ಳಲೇ ಎಂದು, ಜೋಳಿಗೆಗೆ ಜೋಳ ಸುರಿದನಂತೆ.

"ನೀನೇನು ಮಾಡಿದೆ?" ಅಜ್ಜಾರು ಕೇಳಿದರು.

"ರೂಢಿ, ಅಜ್ಜಾರೇ. ನಿಮ್ಮ ಮನೆ ತುಂಬಲಿ ಎಂದು ಹರಸಿದೆ."

"ಅವನ ಮನೆ ಆಗಲೇ ತುಂಬಿದೆಯಲ್ಲೋ. ನಿನ್ನ ಕೂಲಿಯಿಂದ."

ದುರುಗಪ್ಪನ ಮುಖ ಬಾಡಿತು. ಭಿಕ್ಷೆ ಬೇಡುವುದನ್ನು ಕಲಿಸಿದವರು ಇವರೇ. ಬೇಡಿ ತಂದರೆ ಹೀಗೇಕೆ ಅನ್ನುತ್ತಾರೆ?

"ಹೋಗಲಿ ಬಿಡಿ. ಆ ದುಡ್ಡಿನ ಆಸೆ ಬಿಟ್ಟೆ ಅಂದುಕೊಳ್ಳುತ್ತೇನೆ."

"ಕೈಗೇ ಬಾರದ್ದನ್ನು ಹೇಗೆ ಬಿಡುತ್ತೀ? ಅವನು ಇಟ್ಟುಕೊಂಡ, ಅಷ್ಟೇ."

ಅಜ್ಜಾರು ಅವನ ಹೆಗಲಿನಿಂದ ಜೋಳಿಗೆ ಇಳಿಸಿದರು. ಕಾವಿ ಬಿಚ್ಚಿಸಿದರು. ಒಳಗೆ ಹೋಗಿ, ಮಠಕ್ಕೆ ಬಂದ ದಿನ ಅವನು ಕಳಚಿಟ್ಟಿದ್ದ ಅಂಗಿ ತಂದುಕೊಟ್ಟರು. ತೋಳಿನ ಮೇಲೆ ನೂಲಿನ ಬಣ್ಣ ಹಾಗೇ ಇತ್ತು.

"ಇದನ್ನು ಹಾಕಿಕೊಂಡು ಹೋದರೆ ಮತ್ತೆ ನಾಯಿ ಬಿಡುತ್ತಾನೆ, ಅಜ್ಜಾರೇ."

"ಬಿಡಲಿ. ಮಗ್ಗದಲ್ಲಿ ಈಗ ಇರುವವರನ್ನೆಲ್ಲ ಅಂಗಳಕ್ಕೆ ಕರೆದು ನಿಲ್ಲಿಸಿಕೊ. ಅವರಿಗೂ ಬಾಕಿ ಇದ್ದೇ ಇರುತ್ತದೆ. ಅಷ್ಟು ಜನರ ಮೇಲೆ ಯಾವ ನಾಯಿ ಬರುತ್ತದೋ ನೋಡೋಣ."

"ಸನ್ಯಾಸಿ ಹೀಗೆ ಜಗಳಕ್ಕೆ ನಿಲ್ಲಬಹುದೇ?"

"ನಿಲ್ಲುವವನು ಸನ್ಯಾಸಿ ಅಲ್ಲ. ಸೀರೆ ನೇಯ್ದವನು."

ದುರುಗಪ್ಪ ಅಂಗಿ ತೊಟ್ಟು ಹೊರಟ. ಬಾಗಿಲು ದಾಟಿದವನು ನಿಂತು ಹಿಂತಿರುಗಿದ.

"ಅಜ್ಜಾರೇ, ಅವನು ಕೊಟ್ಟರೆ ಏನೆಂದು ಹರಸಲಿ?"

"ಹರಸಬೇಡ. ಎಣಿಸಿಕೊ."