ಬಿಚ್ಚಿದ ಸಾಲು

"ಗುರುಗಳೇ, ಹಿಡಿದ ಕೆಲಸವನ್ನು ಕೊನೆ ಮುಟ್ಟಿಸುವ ಹಟವನ್ನು ಎಲ್ಲಿಂದ ತರಬೇಕು?"

ಅಡಿವೆಪ್ಪ ಇದನ್ನು ಕೇಳಿದಾಗ ಅವನ ಕೈಗೆ ಇನ್ನೂ ಗಾರೆ ಅಂಟಿತ್ತು. ಮಠದ ಅಡುಗೆಮನೆಯ ಹಿಂದೆ ಏಳು ಜನ ಶಿಷ್ಯರು ಸೇರಿ ಒಂದು ಕಲ್ಲಿನ ಗೋಡೆ ಕಟ್ಟುತ್ತಿದ್ದರು. ಕೆಲಸ ಶುರುವಾಗಿ ತಿಂಗಳು ಕಳೆದಿತ್ತು. ಗೋಡೆ ಸೊಂಟದ ಎತ್ತರಕ್ಕೆ ಬಂದು ನಿಂತುಬಿಟ್ಟಿತ್ತು.

"ಮೊದಮೊದಲು ನನಗೂ ಹುಮ್ಮಸ್ಸಿತ್ತು. ಈಗ ಕೈ ಏಳುವುದಿಲ್ಲ. ಜೊತೆಯವರನ್ನು ನೋಡಿದರೆ ಇನ್ನಷ್ಟು ಬೇಸರ. ಒಬ್ಬ ಕಲ್ಲನ್ನು ಸೊಟ್ಟಗೆ ಕೂರಿಸುತ್ತಾನೆ. ಇನ್ನೊಬ್ಬ ಒಂದು ಕಲ್ಲು ತಂದಿಟ್ಟು ಹತ್ತು ಮಾತಾಡುತ್ತಾನೆ. ನಾನೊಬ್ಬನೇ ಆಗಿದ್ದರೆ ಇಷ್ಟರಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದೆ."

"ಗೋಡೆ ಮುಗಿಯುವವರೆಗೆ ಕಾಯಬೇಡ. ಈಗಲೇ ಕೈ ತೊಳೆದುಕೊಂಡು ಬಂದು ಕೂತುಕೋ," ಎಂದರು ಗುರುಗಳು. ಅವನು ಬಂದು ಕೂತ ಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ತಂಗೆವ್ವ ಎಂಬ ಹೆಂಗಸಿದ್ದಳು. ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಮೇಲಿಂದ ಒತ್ತೊತ್ತಾಗಿ ಸಾಲು ಹೊಲಿದರೆ ಕೌದಿಯಾಗುತ್ತದೆ. ತಂಗೆವ್ವನ ಸಾಲು ಗೆರೆ ಎಳೆದ ಹಾಗೆ ನೆಟ್ಟಗಿರುತ್ತಿತ್ತು. ಅದು ಊರಿಗೂ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಅವಳ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಕೌದಿ ಒಬ್ಬಳದು, ಹೊಲಿಗೆ ಆರು ಜನರದು. ಮಧ್ಯಾಹ್ನ ರೊಟ್ಟಿಯ ಬುಟ್ಟಿ ಮುಚ್ಚಿಟ್ಟ ಮೇಲೆ ಆರು ಜನ ಹೆಂಗಸರು ಸೂಜಿ ಹಿಡಿದು ಗುಡಿಯ ಪಡಸಾಲೆಗೆ ಬರುತ್ತಿದ್ದರು. ಸರದಿ ಯಾರದೋ ಅವಳ ಕೌದಿಯನ್ನು ನಡುವೆ ಹಾಸಿ, ಆ ಕಡೆ ಮೂವರು ಈ ಕಡೆ ಮೂವರು ಕೂತು ಹೊಲಿಯುತ್ತಿದ್ದರು. ಅದು ಮುಗಿಯುವ ತನಕ ಇನ್ನೊಂದನ್ನು ಹಾಸುವಂತಿರಲಿಲ್ಲ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಡತಿ ಒಂದು ತುತ್ತು ಹೋಳಿಗೆಯನ್ನು ಪದರದೊಳಗೆ ಇಡಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂಬುದು ಅವರ ನಂಬಿಕೆ.

ತಂಗೆವ್ವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಏಳು ತಿಂಗಳಿಗೇ ಹುಟ್ಟಿತು. ಬದುಕಿಕೊಂಡಿತು, ಆದರೆ ಸ್ವಲ್ಪ ಗಾಳಿ ತಾಗಿದರೂ ಅದರ ಎದೆ ಗೊರಗೊರ ಎನ್ನುತ್ತಿತ್ತು. ಐದನೇ ತಿಂಗಳಿಗೆ ತಾಯಿ ಮಗು ಇಬ್ಬರೂ ಗಂಡನ ಮನೆಗೆ ಹೊರಡಬೇಕು. ಗಂಡನ ಊರು ಗುಡ್ಡದ ಮೇಲೆ. ಮಾಗಿಯಲ್ಲಿ ಅಲ್ಲಿ ಚಳಿ ಮೂಳೆಗೆ ಇಳಿಯುತ್ತದೆ. ಅಷ್ಟರೊಳಗೆ ತಾಯಿ ಮಗು ಹೊದ್ದು ಮಲಗುವಂಥ ಏಳು ಪದರದ ಕೌದಿಯೊಂದು ಆಗಬೇಕಾಗಿತ್ತು. ಸಂತೆಯಲ್ಲಿ ಕಂಬಳಿ ಸಿಗುತ್ತಿರಲಿಲ್ಲವೇ ಎಂದು ಕೇಳಬೇಡ, ಅಡಿವೆಪ್ಪ. ಕಂಬಳಿ ಎಳೆಯ ಮೈಗೆ ಚುಚ್ಚುತ್ತದೆ. ನೂರು ಸಲ ಒಗೆದ ಹಳೆಯ ಸೀರೆ ಚುಚ್ಚುವುದಿಲ್ಲ.

ಸರದಿ ತಂಗೆವ್ವನಿಗೆ ಬಂದಾಗ ಹೊರಡುವ ದಿನಕ್ಕೆ ಇಪ್ಪತ್ತೈದು ದಿನ ಉಳಿದಿತ್ತು. ಆರು ಕೈ ಸೇರಿದರೆ ಇಪ್ಪತ್ತು ದಿನದ ಕೆಲಸ. ಆ ಐವರೂ ಕರೆಯುವ ಮೊದಲೇ ಬಂದು ಕೂತರು. ಕೂಸಿಗೆ ಎಂದ ಮೇಲೆ ಯಾರಿಗೂ ಹೆಚ್ಚು ಹೇಳಬೇಕಾಗಿರಲಿಲ್ಲ.

ಮೊದಲ ದಿನದ ಹೊಲಿಗೆಯನ್ನು ತಂಗೆವ್ವ ಮನೆಗೆ ತಂದು ಬಿಡಿಸಿ ನೋಡಿದಳು. ಅವಳ ಎದೆ ಒಡೆಯಿತು. ಭೀಮವ್ವನದು ಬಾಯಿ ಬಿಗಿ ಇಲ್ಲ, ಹೊಲಿಗೆಯೂ ಬಿಗಿ ಇಲ್ಲ. ಸಂಕವ್ವನಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಅವಳ ಸಾಲು ಹೊರಟ ಕಡೆ ಒಂದು, ಮುಟ್ಟಿದ ಕಡೆ ಇನ್ನೊಂದು. ಉಳಿದ ಮೂವರದೂ ಅಷ್ಟಕ್ಕಷ್ಟೆ. ನನ್ನ ಮೊಮ್ಮಗಳ ಕೌದಿ, ನನ್ನ ಹೆಸರು ಹೇಳುವ ಕೌದಿ, ಬೀಗರ ಮನೆಯಲ್ಲಿ ನಾಲ್ಕು ಜನ ಬಿಡಿಸಿ ನೋಡುತ್ತಾರೆ ಎಂದುಕೊಂಡಳು. ಮರುದಿನ ಬೆಳಿಗ್ಗೆ ಅಂಗಳ ಸಾರಿಸಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕೂತು, ಸೂಜಿಯ ಮೊನೆಯಿಂದ ಆ ಐವರ ಸಾಲುಗಳನ್ನು ಬಿಚ್ಚಿದಳು. ಬಿಚ್ಚಿದ ಜಾಗದಲ್ಲಿ ತನ್ನ ಕೈಯಿಂದ ಹೊಲಿದಳು. ಮಧ್ಯಾಹ್ನದೊಳಗೆ ಅರ್ಧ ಮಾತ್ರ ಹೊಲಿಯಲಾಯಿತು.

ಎರಡನೆಯ ದಿನವೂ ಹಾಗೆಯೇ ಆಯಿತು, ಮೂರನೆಯ ದಿನವೂ. ಒಂದು ಸಲ ಬಿಚ್ಚುವಾಗ ಹಳೆಯ ಬಟ್ಟೆ ಹರಿದು, ಅದಕ್ಕೆ ತೇಪೆ ಹಾಕಲು ಇನ್ನೊಂದು ದಿನ ಹೋಯಿತು.

ಹೆಂಗಸರು ದಿನವೂ ಬಂದು ನೋಡುತ್ತಿದ್ದರು. ನಿನ್ನೆ ಇಲ್ಲಿಗೆ ಮುಟ್ಟಿಸಿದ್ದೆವಲ್ಲ ಎಂದು ಒಬ್ಬಳು ಇನ್ನೊಬ್ಬಳ ಮುಖ ನೋಡುವಳು. ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಆದರೆ ಕೈಗಳು ನಿಧಾನವಾದವು. ಐದನೆಯ ದಿನ ಒಬ್ಬಳಿಗೆ ಖಾರ ಕುಟ್ಟುವುದಿತ್ತು. ಆರನೆಯ ದಿನ ಇನ್ನೊಬ್ಬಳಿಗೆ ಮೊಣಕಾಲು ನೋವು. ಹತ್ತು ದಿನ ಕಳೆಯುವ ಹೊತ್ತಿಗೆ ಭೀಮವ್ವ ಕೂಡ ಬರುವುದನ್ನು ಬಿಟ್ಟಳು, ಸಂಕವ್ವನೂ ಬರಲಿಲ್ಲ.

ತಂಗೆವ್ವನಿಗೆ ಸಿಟ್ಟು ಬಂತು. ನೋಡಿದೆಯಾ ಇವರ ಹಣೆಬರಹ, ಹುರುಪೆಲ್ಲ ನಾಲ್ಕು ದಿನದ್ದು, ಕೊನೆ ಮುಟ್ಟಿಸುವ ಗುಂಡಿಗೆ ಒಬ್ಬಳಿಗೂ ಇಲ್ಲ ಎಂದುಕೊಂಡಳು. ನಾನೊಬ್ಬಳೇ ಮುಗಿಸಿ ತೋರಿಸುತ್ತೇನೆ ಎಂದು ಪಣ ತೊಟ್ಟಳು. ತೊಟ್ಟ ಪಣ ಸುಳ್ಳಲ್ಲ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ತಟ್ಟೆಯಲ್ಲಿ ರೊಟ್ಟಿ ಒಣಗುತ್ತಿತ್ತು. ಏಳು ಪದರಕ್ಕೆ ಸೂಜಿ ಇಳಿಸಿ ಇಳಿಸಿ ಹೆಬ್ಬೆರಳಿನ ಚರ್ಮ ಸುಲಿಯಿತು. ಅವಳು ಅದಕ್ಕೆ ಅರಿಸಿನ ಮೆತ್ತಿ ಮತ್ತೆ ಸೂಜಿ ಹಿಡಿದಳು. ಸಾಲು ಮಾತ್ರ ನೆಟ್ಟಗೇ ಬಂತು. ಆದರೆ ಒಂದು ಕೈ ಆರು ಕೈ ಆಗುವುದಿಲ್ಲ. ಇಪ್ಪತ್ತನೆಯ ದಿನಕ್ಕೆ ಕೌದಿ ಅರ್ಧಕ್ಕಿಂತ ಕೊಂಚ ಮುಂದೆ ಹೋಗಿತ್ತು. ಅದೇ ದಿನ ಅವಳ ಬೆರಳು ಉಗುರುಸುತ್ತಾಗಿ ಬದನೆಕಾಯಿಯಂತೆ ಊದಿಕೊಂಡಿತು. ಸೂಜಿ ಹಿಡಿಯಲು ಹೋದರೆ ಕಣ್ಣಿನಲ್ಲಿ ನೀರು ಬರುತ್ತಿತ್ತು.

ಉಳಿದದ್ದು ಐದೇ ದಿನ. ಒಳಕೋಣೆಯಲ್ಲಿ ಕೂಸು ಕೆಮ್ಮಿತು. ತಂಗೆವ್ವ ಕೌದಿಯನ್ನು ಮಡಿಲಲ್ಲಿ ಹಾಕಿಕೊಂಡು ಮನೆಯ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದಳು. ಕೋಲು ಊರಿಕೊಂಡು ಸಂಕವ್ವ ಬಂದಳು.

ಸಂಕವ್ವ ಕೌದಿಯ ಮೇಲೆ ಕೈಯಾಡಿಸಿದಳು. ಕಣ್ಣಿಗೆ ಕಾಣದ್ದು ಅವಳ ಬೆರಳಿಗೆ ತಿಳಿಯುತ್ತಿತ್ತು. ತಾನು ಕೂತು ಹೊಲಿದ ಮೂಲೆಗೆ ಬಂದಾಗ ಕೈ ನಿಂತಿತು. ದಾರ ಬಿಚ್ಚಿದರೂ ಹಳೆಯ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಮುದುಕಿ ಆ ತೂತುಗಳ ಜಾಡು ಹಿಡಿದು ಬೆರಳು ಓಡಿಸಿದಳು.

"ತಂಗೆವ್ವಾ, ನನ್ನ ಸಾಲು ಎಲ್ಲಿ ಹ್ವಾದುವು?"

ತಂಗೆವ್ವ ತಲೆ ತಗ್ಗಿಸಿದಳು. "ಸೊಟ್ಟ ಆಗಿದ್ದುವು, ಆಯೀ. ಬಿಚ್ಚಿದೆ."

"ಸೊಟ್ಟ ಆಗತಾವ ಅನ್ನೂದು ನನಗ ಗೊತ್ತಿಲ್ಲೇನ? ಕಣ್ಣು ಹೋಗಿ ಎರಡು ವರ್ಷ ಆತು." ಮುದುಕಿ ಉಸ್ಸೆಂದು ಅವಳ ಪಕ್ಕದಲ್ಲೇ ಕೂತಳು. "ನೀ ಏಳು ವರ್ಷದಾಕಿ ಇದ್ದಾಗ ಹಟ ಮಾಡಿ ನನ್ನ ಕೌದಿಗೆ ಒಂದು ಸಾಲು ಹಾಕಿದ್ದಿ. ಮ್ಯಾಲೆ ಹೊಂಟದ್ದು ಕೆಳಗ ಬಂದು, ಮತ್ತ ಮ್ಯಾಲೆ ಹೋಗಿತ್ತು. ನಮ್ಮತ್ತಿ ಬಿಚ್ಚಿ ಒಗಿ ಅಂದ್ಲು. ನಾ ಬಿಚ್ಚಲಿಲ್ಲ. ಇವತ್ತಿಗೂ ಅದನ್ನ ಹೊತಗೊಂಡು ಮಲಗತೀನಿ. ನಲವತ್ತು ವರ್ಷ ಆತು, ನಿನ್ನ ಸಾಲಿನ್ಯಾಗಿಂದ ಒಂದಿನಾನೂ ಚಳಿ ಒಳಗ ಬಂದಿಲ್ಲ ನೋಡವ್ವಾ."

ಬೈದಿದ್ದರೆ ತಂಗೆವ್ವ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಆ ಐವರು ಕೈಬಿಟ್ಟರು ಎಂದುಕೊಂಡಿದ್ದಳು. ಅವರ ಕೈಯನ್ನು ದಿನವೂ ಬೆಳಿಗ್ಗೆ ಕೂತು ಬಿಡಿಸಿದವಳು ತಾನೇ ಎಂಬುದು ಈಗ ತಿಳಿಯಿತು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಳುವುದಕ್ಕೆ ಐದು ದಿನದಲ್ಲಿ ಬಿಡುವಿರಲಿಲ್ಲ.

ಮನೆ ಮನೆಯ ಹೊಸ್ತಿಲಿಗೆ ಹೋದಳು. ನೆಪ ಹೇಳಲಿಲ್ಲ, ಸುತ್ತಿಬಳಸಲಿಲ್ಲ. ನಿಮ್ಮ ಹೊಲಿಗೆ ಬಿಚ್ಚಿದವಳು ನಾನೇ, ತಪ್ಪಾಯಿತು, ಕೂಸಿಗಾಗಿ ಬನ್ನಿ ಎಂದಳು. ಮೂವರು ಮಾತಿಲ್ಲದೆ ಸೂಜಿ ಹುಡುಕಲು ಒಳಗೆ ಹೋದರು. ಭೀಮವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ನಾ ಬರತೀನಿ. ಕೌದಿಗಲ್ಲ. ನಿನ್ನ ಕೈ ಸುಮ್ಮನ ಕುಂದರತೈತೋ ಇಲ್ಲೋ ನೋಡಾಕ ಬರತೀನಿ."

ಮತ್ತೆ ಆರು ಜನ ಗುಡಿಯ ಪಡಸಾಲೆಯಲ್ಲಿ ಕೂತರು, ಈ ಸಲ ಬೆಳಗಿನಿಂದ ಕತ್ತಲಾಗುವ ತನಕ. ಊದಿದ ಬೆರಳಿನ ತಂಗೆವ್ವನಿಗೆ ಒಂದು ಹೊಲಿಗೆ ಹಾಕಲೂ ಆಗುತ್ತಿರಲಿಲ್ಲ. ಎಡಗೈಯಿಂದ ಸೂಜಿಗಳಿಗೆ ದಾರ ಪೋಣಿಸಿ ಕೊಡುವುದಷ್ಟೇ ಅವಳ ಪಾಲಿಗೆ ಬಂತು. ಊರಿಗೇ ಹೆಸರಾದ ಕೈ ಅದು. ಕಣ್ಣೆದುರಿಗೇ ಸೊಟ್ಟ ಸಾಲುಗಳು ಮೂಡುತ್ತಿದ್ದವು. ಮೊದಲ ದಿನ ಅವಳು ಮುಖವನ್ನು ಆ ಕಡೆ ತಿರುಗಿಸಿಕೊಂಡೇ ದಾರ ಪೋಣಿಸಿದಳು. ಎರಡನೆಯ ದಿನ ಒಂದು ಸಡಿಲ ಹೊಲಿಗೆಯ ಕಡೆಗೆ ಕೈ ತಾನಾಗಿ ಹೋಯಿತು. ಭೀಮವ್ವ ಕೆಮ್ಮಿದಳು. ತಂಗೆವ್ವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಎಲ್ಲರೂ ನಕ್ಕರು, ಕೊನೆಗೆ ಅವಳೂ ನಕ್ಕಳು. ಅವತ್ತು ನಿಂತ ಜಾಗದಿಂದ ಮರುದಿನ ಕೌದಿ ಮುಂದಕ್ಕೇ ಹೊರಟಿತು. ಅದನ್ನು ಕಂಡು ಹೆಂಗಸರ ಕೈ ಚುರುಕಾಯಿತು. ಊಟಕ್ಕೆಂದು ಎದ್ದವಳು ರೊಟ್ಟಿ ಕೈಯಲ್ಲೇ ಹಿಡಿದು ಓಡಿ ಬರುತ್ತಿದ್ದಳು.

ಐದನೆಯ ದಿನ ಸಂಜೆ ಬರಬೇಕಾದ ಅಳಿಯ ಮಧ್ಯಾಹ್ನವೇ ಬಂದ. ಬಾಡಿಗೆ ಜೀಪು ಗುಡಿಯ ಮುಂದೆ ನಿಂತಿತು. ಕತ್ತಲಾಗುವುದರೊಳಗೆ ಗುಡ್ಡ ಹತ್ತಬೇಕು, ಆಮೇಲೆ ಮಂಜು ಬೀಳುತ್ತದೆ ಎಂದು ಡ್ರೈವರ್ ಅವಸರ ಮಾಡಿದ. ಕೌದಿ ಇನ್ನೂ ಎರಡು ಗೇಣು ಉಳಿದಿತ್ತು. ಮಗಳು ಕೂಸನ್ನು ಎತ್ತಿಕೊಂಡು ಬಂದು, ಇರಲಿ ಬಿಡವ್ವ, ಆಮೇಲೆ ಕಳಿಸು ಎಂದಳು. ಆರು ಜನರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ನಿಲ್ಲಲಿ ಜೀಪು, ಅದಕ್ಕೇನು ಕಾಲು ನೋಯುತ್ತದೆಯೇ ಎಂದಳು ಭೀಮವ್ವ. ಅವಳು ಆ ದಿನ ಆಡಿದ್ದು ಅದೊಂದೇ ಮಾತು.

ಎರಡು ಗೇಣು ಒಂದು ಗೇಣಾಯಿತು, ಒಂದು ಗೇಣು ನಾಲ್ಕು ಬೆರಳಾಯಿತು. ತಂಗೆವ್ವ ಮನೆಗೆ ಓಡಿ ಹೋಳಿಗೆ ತಂದು, ಒಂದು ತುತ್ತು ಮುರಿದು ಪದರದೊಳಗೆ ಇಟ್ಟಳು. ಕೊನೆಯ ಸಾಲಿಗೆ ದಾರ ಪೋಣಿಸಿ ಸೂಜಿಯನ್ನು ಸಂಕವ್ವನ ಕೈಗೆ ಕೊಟ್ಟಳು. ಮುದುಕಿ ಮೂಲೆಯನ್ನು ಮುಚ್ಚಿದಳು. ಇಡೀ ಕೌದಿಯಲ್ಲಿ ಅದರಷ್ಟು ಸೊಟ್ಟ ಸಾಲು ಇನ್ನೊಂದಿರಲಿಲ್ಲ. ತಂಗೆವ್ವ ಅದನ್ನು ನೋಡಿದಳು. ನೋಡಿ, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು.

ಕೂಸು ಕೌದಿಯೊಳಗೆ ನಿದ್ದೆ ಮಾಡುತ್ತಲೇ ಗುಡ್ಡ ಹತ್ತಿತು. ಆ ಮಾಗಿಯಲ್ಲಿ ಅದಕ್ಕೆ ಕೆಮ್ಮು ಬರಲಿಲ್ಲವೆಂದು ಆಮೇಲೆ ಸುದ್ದಿ ಬಂತು. ಬೀಗರ ಮನೆಯಲ್ಲಿ ಹೊಲಿಗೆಯ ಸುದ್ದಿ ಯಾರೂ ಎತ್ತಲಿಲ್ಲವಂತೆ.

ಕತೆ ಮುಗಿಯಿತು. ಅಡಿವೆಪ್ಪನ ಮುಖ ಅರಳಿತ್ತು. ಅವನು ಕೈಮುಗಿದು ಎದ್ದು ನಿಂತ.

"ತಿಳಿಯಿತು, ಗುರುಗಳೇ. ಇವತ್ತಿನಿಂದ ನಾನು ತಂಗೆವ್ವನ ಹಾಗೆಯೇ ಇರುತ್ತೇನೆ. ಜೊತೆಯವರು ಕಲ್ಲನ್ನು ಎಷ್ಟೇ ಸೊಟ್ಟಗೆ ಇಟ್ಟರೂ ಸಹಿಸಿಕೊಳ್ಳುತ್ತೇನೆ. ಗೋಡೆ ಮುಗಿಸಿಯೇ ತೀರುತ್ತೇನೆ."

ಗುರುಗಳು ಅವನನ್ನು ಕರುಣೆಯಿಂದಲೇ ನೋಡಿದರು. ಆಮೇಲೆ ಒಂದು ಮಾತು ಕೇಳಿದರು.

"ಆ ಆರು ಜನರಲ್ಲಿ ನೀನು ತಂಗೆವ್ವ ಎಂದು ನಿನಗೆ ಹೇಳಿದವರು ಯಾರಪ್ಪ?"