ಹಾಲು ಬಿಟ್ಟು ಬಂದ ಮರಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಬುದ್ಧಿ ಎಲ್ಲರಿಗಿಂತ ಚುರುಕು. ಇದನ್ನು ಇನ್ನೂ ಚುರುಕು ಮಾಡುವುದು ಹೇಗೆ?"

ಗುರು ಕೂತಲ್ಲೇ ಒಂದು ಕತೆ ಹೇಳಿದರು.

ಒಬ್ಬ ಬೇಟೆಗಾರನಿದ್ದ. ಬೇಟೆನಾಯಿಗಳನ್ನು ಸಾಕಿ ತಳಿ ಬೆಳೆಸುತ್ತಿದ್ದ. ಅವನಿಗೆ ಬೇಕಾದ ಗುಣ ಒಂದೇ, ಓಟ. ಮರಿಗಳಿಗೆ ಎರಡು ತಿಂಗಳಾದಾಗ ಮೊಲದ ತೊಗಲನ್ನು ಹಗ್ಗಕ್ಕೆ ಕಟ್ಟಿ ಅವುಗಳ ಮುಂದೆ ಎಳೆಯುತ್ತಿದ್ದ. ಮೊದಲು ಬಂದು ಕಚ್ಚಿದ ಮರಿಯನ್ನು ಇಟ್ಟುಕೊಳ್ಳುತ್ತಿದ್ದ. ಉಳಿದವನ್ನು ಕೇಳಿದವರಿಗೆ ಕೊಡುತ್ತಿದ್ದ. ಹೀಗೆ ಓಟಕ್ಕೆ ಓಟವನ್ನೇ ಕೂಡಿಸುತ್ತಾ ಆರು ತಲೆಮಾರು ಕಳೆಯಿತು.

ಅವನ ಹೆಂಡತಿಯ ಪರೀಕ್ಷೆ ಬೇರೆ. ಮರಿಗಳು ಹಾಲು ನೆಕ್ಕುತ್ತಿರುವಾಗ ದೂರ ನಿಂತು "ಬಾರೋ ಮಗಾ" ಎಂದು ಕರೆಯುತ್ತಿದ್ದಳು. ಒಂದೋ ಎರಡೋ ಮರಿ ಹಾಲು ಬಿಟ್ಟು ಬರುತ್ತಿದ್ದವು.

"ಇದನ್ನು ಇಟ್ಟುಕೊಳ್ಳಿ" ಎನ್ನುತ್ತಿದ್ದಳು.

"ಬಾಯಿಗೆ ಬಂದ ಹಾಲು ಬಿಡೋ ದಡ್ಡ ನಾಯಿ. ಇದು ಮೊಲ ಹಿಡಿಯುತ್ತದಾ? ನಿನ್ನ ಸೆರಗು ಹಿಡಿಯುತ್ತದೆ, ಅಷ್ಟೇ."

"ಹಿಡಿಯಲಿ ಬಿಡಿ. ನಿಮ್ಮವು ಅದನ್ನೂ ಹಿಡಿಯುವುದಿಲ್ಲ."

ಅಂಥ ಮರಿಗಳನ್ನು ಅವಳು ಗುಡ್ಡದಾಚೆಯ ಕುರಿಗಾಹಿಗೆ ಕೊಟ್ಟು ಬರುತ್ತಿದ್ದಳು.

ಒಂದು ವರ್ಷ ಅವಳು ತೀರಿಕೊಂಡಳು. ಅಂಗಳದಲ್ಲಿ ಕರೆಯುವ ದನಿ ನಿಂತಿತು.

ನಾಯಿಗಳ ಓಟ ನಿಲ್ಲಲಿಲ್ಲ. ಅವನು ಛೂ ಎಂದರೆ ಸಾಕು, ಕಣ್ಣಿಗೆ ಕಾಣದಂತೆ ಹೋಗುತ್ತಿದ್ದವು. ಹೋದದ್ದು ಹೋದದ್ದೇ. ಒಂದು ಹೊಳೆಗೆ ಬಿತ್ತು. ಒಂದು ಚಿರತೆಯ ಬಾಯಿಗೆ ಹೋಯಿತು. ಕೊನೆಗೆ ಉಳಿದದ್ದು ಒಂದೇ ಹೆಣ್ಣು. ಅದಕ್ಕೆ ಜೋಡಿಯಿಲ್ಲ. ಆರು ತಲೆಮಾರಿನ ತಳಿ ಅಲ್ಲಿಗೆ ಮುಗಿಯುವುದರಲ್ಲಿತ್ತು.

ಬೇಟೆಗಾರ ಗುಡ್ಡ ಹತ್ತಿ ಇಳಿದು ಕುರಿಗಾಹಿಯ ಹಟ್ಟಿಗೆ ಹೋದ. "ಅವಳು ಕೊಟ್ಟ ಮರಿಗಳಲ್ಲಿ ಗಂಡು ಇದೆಯೇನಪ್ಪಾ?" ಎಂದ.

"ಹಟ್ಟಿ ತುಂಬ ಇವೆ. ಒಂದೂ ಕಳೆದಿಲ್ಲ. ಅಕ್ಕ ಯಾಕೆ ಬರಲಿಲ್ಲ?"

ಬೇಟೆಗಾರ ನಾಯಿಗಳತ್ತ ನಡೆದ. ಒಂದು ಗಂಡು ನಾಯಿಯನ್ನು ಹಿಡಿದುಕೊಂಡು ಬಂದ.

ಮರಿಗಳಾದವು. ಅವನು ತೊಗಲು ಎಳೆದ. ಆಮೇಲೆ ಹಾಲಿಟ್ಟು ದೂರ ನಿಂತ. ಕರೆಯಲು ಬಾಯಿ ಬರಲಿಲ್ಲ. ಜನ್ಮದಲ್ಲಿ ಛೂ ಎಂದವನೇ ಹೊರತು ಬಾ ಎಂದವನಲ್ಲ. ಬಹಳ ಹೊತ್ತಿನ ಮೇಲೆ ಅವಳ ಮಾತೇ ಬಾಯಿಗೆ ಬಂತು. "ಬಾರೋ ಮಗಾ."

ತೊಗಲನ್ನು ಮೊದಲು ಕಚ್ಚಿದ ಮರಿಯೇ ಹಾಲು ಬಿಟ್ಟು ಓಡಿ ಬಂತು.

ಮರುವರ್ಷ ಊರೆಲ್ಲ ಬೇಟೆಗೆ ಕೂಡಿತು. ಪೊದೆಯಿಂದ ಮೊಲ ಎದ್ದಿತು. ಅವನು ಛೂ ಎಂದ. ನಾಯಿ ಉಳಿದ ನಾಯಿಗಳನ್ನೆಲ್ಲ ಹಿಂದೆ ಹಾಕಿ, ದಿಣ್ಣೆ ದಾಟಿ ಮಾಯವಾಯಿತು.

"ಇದೂ ಹೋಯಿತು ಬಿಡಣ್ಣಾ, ಹಗ್ಗ ಸುತ್ತಿಕೋ" ಎಂದು ಜನ ನಕ್ಕರು.

ಅವನು ದಿಣ್ಣೆ ಏರಿದ. ಎದೆ ತುಂಬ ಉಸಿರೆಳೆದು ಕರೆದ. ದೂರದಲ್ಲಿ ದೂಳೆದ್ದಿತು. ನಗು ನಿಂತಿತು. ನಾಯಿ ಬಂತು, ಬಾಯಲ್ಲಿ ಮೊಲ. ತಂದು ಅವನ ಕಾಲ ಬಳಿ ಇಟ್ಟಿತು.

ಊರೇ ಕೂಗಿತು. ಹಲಗೆ ಬಡಿದರು. ಬೇಟೆಗಾರ ನಾಯಿಯನ್ನು ಹೆಗಲ ಮೇಲೆ ಹೊತ್ತು ಊರೊಳಗೆ ಬಂದ. "ಯಾರ ತಳಿಯಣ್ಣಾ ಇದು?" ಎಂದವರಿಗೆಲ್ಲ "ನನ್ನ ಹೆಂಡತಿಯದು" ಎಂದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, "ಕತೆ ಚೆನ್ನಾಗಿದೆ. ಆದರೆ ನಾನು ಕೇಳಿದ್ದು ಬುದ್ಧಿಯ ಚುರುಕು" ಎಂದ.

ಗುರು ಹೇಳಿದರು: "ಅದು ಆಗಲೇ ದಿಣ್ಣೆ ದಾಟಿದೆ, ಒಮ್ಮೆ ಕರೆದು ನೋಡು."